ಹತ್ತು ಸ್ಥಾನ ಹಿಂದೆ, ಟ್ಯಾಂಕ್ ತುಂಬ ಇಂಧನ

ಫಾರ್ಮುಲಾ ಒನ್ ನೋಡುವವರಿಗೆ ‘ಗ್ರಿಡ್ ಪೆನಾಲ್ಟಿ’ ಹೊಸ ಮಾತಲ್ಲ. ಎಂಜಿನ್ ಕೈಕೊಟ್ಟು ಬೇರೆಯದನ್ನು ಹಾಕಿದರೆ, ಚಾಲಕನ ತಪ್ಪೇನೂ ಇಲ್ಲದಿದ್ದರೂ ಅವನು ಭಾನುವಾರ ಹಿಂದಿನಿಂದ ಹೊರಡಬೇಕು. ಹಾಗಿದ್ದ ಮೇಲೆ ಶನಿವಾರದ ಅರ್ಹತಾ ಸುತ್ತಿನಲ್ಲಿ ಬೆವರು ಹರಿಸುವುದೇಕೆ? ಇದಕ್ಕೆ ಒಳ್ಳೆಯ ಉತ್ತರ ಸಿಗುವುದು 2005ರ ಋತುವಿನಲ್ಲಿ.

ಆ ವರ್ಷ ಒಂದೇ ಎಂಜಿನ್ ಎರಡು ರೇಸ್‌ಗಳಿಗೆ ಬಾಳಿಕೆ ಬರಬೇಕಿತ್ತು. ಬದಲಿಸಿದರೆ ಹತ್ತು ಸ್ಥಾನ ಹಿಂದಕ್ಕೆ. ರೇಸ್ ನಡುವೆ ಇಂಧನ ತುಂಬಿಸಿಕೊಳ್ಳಬಹುದಿತ್ತು. ಆದರೆ ಋತುವಿನ ಮಧ್ಯದಿಂದ, ಅರ್ಹತಾ ಲ್ಯಾಪ್ ಓಡಿಸಿದ ಇಂಧನದಲ್ಲೇ ರೇಸನ್ನೂ ಆರಂಭಿಸಬೇಕಿತ್ತು. ಹತ್ತು ಕೆ.ಜಿ. ಇಂಧನ ಹೆಚ್ಚಾದರೆ ಲ್ಯಾಪ್‌ಗೆ ಸುಮಾರು 0.3 ಸೆಕೆಂಡ್ ನಷ್ಟ ಎಂಬುದು ಸ್ಥೂಲ ಲೆಕ್ಕ. ಟ್ಯಾಂಕ್ ಹಗುರವಾದರೆ ಮುಂದಿನ ಸ್ಥಾನ ಸಿಗುತ್ತದೆ, ಆದರೆ ಬೇಗ ಪಿಟ್‌ಗೆ ಇಳಿಯಬೇಕಾಗುತ್ತದೆ.

ಪೆನಾಲ್ಟಿ ಬಿದ್ದಾಗ ಈ ಲೆಕ್ಕ ಬದಲಾಗುತ್ತದೆ. ಹಗುರ ಟ್ಯಾಂಕಿನಲ್ಲಿ ಮೊದಲಿಗನಾದವನು 11ನೇ ಸ್ಥಾನದಿಂದ ಹೊರಡುತ್ತಾನೆ. ಭಾರದ ಟ್ಯಾಂಕಿನಲ್ಲಿ ಮೂರನೆಯವನಾದರೆ 13ನೆಯದರಿಂದ. ವ್ಯತ್ಯಾಸ ಎರಡೇ ಸ್ಥಾನ. 11ರಲ್ಲಿರುವ ಹಗುರ ಕಾರು ನಿಧಾನದ ಕಾರುಗಳ ಹಿಂದೆ ಸಿಕ್ಕಿಕೊಂಡು, ತನ್ನ ವೇಗ ತೋರಿಸುವ ಮೊದಲೇ ಪಿಟ್‌ಗೆ ಹೋಗುತ್ತದೆ. ಭಾರದ ಕಾರು ಮಾತ್ರ ತಾಳ್ಮೆಯಿಂದ ಓಡುತ್ತಿರುತ್ತದೆ. ಮುಂದಿನವರು ಒಬ್ಬೊಬ್ಬರಾಗಿ ಪಿಟ್‌ಗೆ ಇಳಿದಂತೆ ರಸ್ತೆ ತೆರವಾಗುತ್ತದೆ. ಅಷ್ಟರಲ್ಲಿ ಅದರ ಟ್ಯಾಂಕೂ ಹಗುರವಾಗಿರುತ್ತದೆ. ಹಾಗೆಂದು ಅತಿಯಾಗಿ ತುಂಬಿಸಿಕೊಂಡು ಎಂಟನೆಯವನಾದರೆ 18ರಿಂದ ಹೊರಡಬೇಕು. ಅರ್ಹತಾ ಸುತ್ತಿನ ಬೆಲೆ ಕಡಿಮೆಯಾಗುತ್ತದೆ, ಸೊನ್ನೆಯಾಗುವುದಿಲ್ಲ.

ಮೆಕ್ಲಾರೆನ್ ತಂಡದ ಕಿಮಿ ರೈಕೊನೆನ್ ಇದನ್ನು ಮಾಡಿ ತೋರಿಸಿದರು. ಫ್ರಾನ್ಸ್‌ನ ಮ್ಯಾನಿ-ಕೂರ್‌ನಲ್ಲಿ ಹೆಚ್ಚು ಇಂಧನ ಹೊತ್ತೂ ಮೂರನೆಯವರಾದರು. 13ರಿಂದ ಹೊರಟು ಎರಡನೆಯವರಾಗಿ ಮುಗಿಸಿದರು. ಮರುವಾರ ಸಿಲ್ವರ್‌ಸ್ಟೋನ್‌ನಲ್ಲಿ 12ರಿಂದ ಮೂರಕ್ಕೆ ಬಂದರು. ಮೊಂಜಾದಲ್ಲಿ ಭಾರದ ಟ್ಯಾಂಕಿನಲ್ಲೂ ಅವರದೇ ಅತಿ ವೇಗದ ಲ್ಯಾಪ್. ಆದರೆ 11ರಿಂದ ಹೊರಟ ಅವರಿಗೆ ಟೈರ್ ತೊಂದರೆಯಿಂದ ಸಿಕ್ಕಿದ್ದು ನಾಲ್ಕನೇ ಸ್ಥಾನ. ಸುಜುಕಾದಲ್ಲಿ ಪೆನಾಲ್ಟಿಯ ಜೊತೆಗೆ ಮಳೆಯೂ ಕಾಡಿತ್ತು. 17ರಿಂದ ಹೊರಟ ಅವರು, ಫಿಸಿಕೆಲ್ಲಾ ಕೊನೆಯ ಪಿಟ್ ಮುಗಿಸಿದ ಮೇಲೂ ಹಲವು ಲ್ಯಾಪ್ ಟ್ರ್ಯಾಕಿನಲ್ಲೇ ಉಳಿದರು; ಕೊನೆಯ ಲ್ಯಾಪ್‌ನಲ್ಲಿ ಅವರನ್ನೇ ಹಿಂದಿಕ್ಕಿ ಗೆದ್ದರು.

ಆದರೂ ಚಾಂಪಿಯನ್ ಆದದ್ದು ಫರ್ನಾಂಡೊ ಅಲೊನ್ಸೊ. ಇಬ್ಬರೂ ತಲಾ ಏಳು ರೇಸ್ ಗೆದ್ದಿದ್ದರು. ಅಂಕಗಳು ಮಾತ್ರ 133 ಮತ್ತು 112. ತಂತ್ರ ನಷ್ಟವನ್ನು ತಗ್ಗಿಸಿತೇ ಹೊರತು ಪದೇ ಪದೇ ಕೆಡುವ ಕಾರನ್ನು ಗೆಲ್ಲಿಸಲಿಲ್ಲ. 2010ರಿಂದ ರೇಸ್ ನಡುವೆ ಇಂಧನ ತುಂಬುವುದು ನಿಂತಿದೆ. ಈಗ ತಂಡಗಳು ಓವರ್‌ಟೇಕ್ ಸುಲಭವಿರುವ ಟ್ರ್ಯಾಕ್ ನೋಡಿ ಬಿಡಿಭಾಗ ಬದಲಿಸುತ್ತವೆ. 2022ರಲ್ಲಿ ಸ್ಪಾದಲ್ಲಿ ಮ್ಯಾಕ್ಸ್ ವೆರ್ಸ್ಟಾಪೆನ್ 14ರಿಂದ ಹೊರಟು ಗೆದ್ದರು.

ನಮ್ಮ ಕ್ಯಾಂಪಸ್‌ಗಳಲ್ಲೂ ಪೆನಾಲ್ಟಿ ಹೊತ್ತವರಿದ್ದಾರೆ: ಬ್ಯಾಕ್‌ಲಾಗ್ ಇರುವವರು, ಒಂದು ವರ್ಷ ಕಳೆದುಕೊಂಡವರು, ಕಟ್-ಆಫ್‌ಗಿಂತ ಸ್ವಲ್ಪ ಕೆಳಗಿರುವವರು. ಕೆಲವರು ಪ್ರಯತ್ನವನ್ನೇ ಬಿಡುತ್ತಾರೆ. ಕೆಲವರು ಗಾಬರಿಯಿಂದ ಹದಿನೈದು ದಿನದ ಕೋರ್ಸ್ ಮುಗಿಸಿ, ಸಿಕ್ಕ ಸಿಕ್ಕ ಡ್ರೈವ್‌ಗೆಲ್ಲ ಓಡುತ್ತಾರೆ; ಎರಡನೇ ಸುತ್ತಿನ ಸಂದರ್ಶನದಲ್ಲಿ ಇಂಧನ ಮುಗಿದಿರುತ್ತದೆ. ಹೋದ ಹತ್ತು ಸ್ಥಾನವನ್ನು ಹೋಯಿತೆಂದೇ ಬರೆದುಕೊಂಡು, ಒಂದು ವಿಷಯವನ್ನು ಬುಡದಿಂದ ಓದಿ, ಒಂದು ಪ್ರಾಜೆಕ್ಟನ್ನು ಸ್ವಂತ ಕೈಯಿಂದ ಮುಗಿಸುವುದು ಉತ್ತಮ ಎಂಬುದು ನನ್ನ ಅಭಿಪ್ರಾಯ. ಮೊದಲ ಕಂಪನಿಗಳು ಬಂದು ಹೋದ ಮೇಲೂ ನೇಮಕಾತಿ ನಡೆಯುತ್ತದೆ. ಆಗ ಓಡಲು ನಮ್ಮಲ್ಲಿ ಏನಾದರೂ ಉಳಿದಿರಬೇಕು. ಇನ್ನೂ ಪೆನಾಲ್ಟಿ ಬೀಳದವರು ಈ ಸೆಮಿಸ್ಟರಿನ ಪರೀಕ್ಷೆಯನ್ನು ಇದೇ ಬಾರಿ ಪಾಸು ಮಾಡಿಕೊಳ್ಳಲಿ. ಆ 21 ಅಂಕಗಳ ಅಂತರ ಹೇಳುವುದೂ ಅದನ್ನೇ.