ಹಳೇ ಸಿಂಥಸೈಜರ್ ಕೊಳ್ಳಬೇಕಾ?

ಕಳೆದ ದೀಪಾವಳಿ ಹೊತ್ತಿಗೆ ಡೊಂಬಿವಲಿಯ ಪರಿಚಯದವರೊಬ್ಬರು ತಮ್ಮ ಹಳೇ ಯಮಾಹಾ ಡಿಎಕ್ಸ್-7 ಮಾರುತ್ತೇನೆ ಅಂದರು. 1983ರಲ್ಲಿ ಬಂದ ಮಾದರಿ. ಬ್ಯಾಂಕಿಗೆ ಸೇರಿ ಮುಂಬಯಿಗೆ ಬಂದ ಹೊಸತರಲ್ಲಿ ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ಇದನ್ನು ನೋಡಿ ಬೆರಗಾಗಿದ್ದೆ. ಗುಮಾಸ್ತನ ಸಂಬಳದಲ್ಲಿ ಕೊಳ್ಳುವ ಮಾತೆಲ್ಲಿ? ಈಗ ಕೈಯಲ್ಲಿ ಕಾಸಿದೆ.

ಮಗ ನಕ್ಕ. "ಅಪ್ಪಾ, ಡೆಕ್ಸೆಡ್ ಅಂತ ಪುಕ್ಕಟೆ ಸಾಫ್ಟ್‌ವೇರೇ ಇದೆಯಲ್ಲ" ಅಂತ ಲ್ಯಾಪ್‌ಟಾಪಿಗೆ ಹಾಕಿಕೊಟ್ಟ. ಡಿಎಕ್ಸ್-7 ಡಿಜಿಟಲ್ ವಾದ್ಯ, ಅದರ ನಾದವೆಲ್ಲ ಲೆಕ್ಕಾಚಾರ. ಅದೇ ಲೆಕ್ಕವನ್ನು ಕಂಪ್ಯೂಟರೂ ಮಾಡುತ್ತದೆ. ಹಳೇ ವಾದ್ಯದ 32 ವಾಯ್ಸ್‌ಗಳ ಕಡತವನ್ನೂ ಓದುತ್ತದೆ. ನನ್ನ ಕಿವಿಗಂತೂ ವ್ಯತ್ಯಾಸ ಗೊತ್ತಾಗಲಿಲ್ಲ.

ಅನಲಾಗ್ ಆದರೆ ಮಾತು ಬೇರೆ ಅನ್ನುವವರಿದ್ದಾರೆ. ಇರಬಹುದು. ಆದರೆ 1984ರ ರೋಲ್ಯಾಂಡ್ ಜೂನೋ-106ರ ವಾಯ್ಸ್ ಚಿಪ್‌ಗಳು ಕೈಕೊಡುವುದಕ್ಕೇ ಹೆಸರುವಾಸಿ. ಡಿಎಕ್ಸ್-7ರಲ್ಲೂ ಒಳಗಿನ ಬ್ಯಾಟರಿ ಸತ್ತರೆ ನಾವು ಉಳಿಸಿಟ್ಟ ವಾಯ್ಸ್‌ಗಳೆಲ್ಲ ಮಾಯ. ಕೊಳ್ಳುವ ಬೆಲೆ ಒಂದು, ಸಾಕುವ ಖರ್ಚು ಇನ್ನೊಂದು.

ಹಾಗಂತ ಯಾರೂ ಕೊಳ್ಳಬಾರದು ಅಂತಲ್ಲ. ವಾದ್ಯ ಎದುರಿಗಿದ್ದರೆ ನುಡಿಸುತ್ತಾರೆ, ಕಂಪ್ಯೂಟರ್ ತೆರೆದರೆ ಮೇಲ್ ನೋಡುತ್ತಾ ಕೂರುತ್ತಾರೆ, ಅಂಥವರು ಧಾರಾಳವಾಗಿ ಕೊಳ್ಳಲಿ. ನಾನು ಅಂಥವನೇ? ಪರಿಚಯದವರಲ್ಲಿ ಒಂದು ತಿಂಗಳ ಗಡುವು ಕೇಳಿದೆ. ಮಗನ ಮಿಡಿ ಕೀಬೋರ್ಡ್ ಹಾಲಿನಲ್ಲೇ ಇಟ್ಟೆ, ದಿನಾ ಅರ್ಧ ಗಂಟೆ ನುಡಿಸಿದರೆ ಮಾತ್ರ ಕೊಳ್ಳುವುದು ಅಂತ.

ಕೂತಿದ್ದು ಒಂಬತ್ತು ದಿನ.

ಬೇಡ ಅಂತ ಫೋನ್ ಮಾಡಿ ಹೇಳಿದೆ. ಲೆಕ್ಕ ಸರಿಯಾಗಿತ್ತು. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ ನೋಡಿ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?