ವಸಾಯಿಯ ಹಸಿರು ವಲಯ ಮತ್ತು ನಾವು

ಮುಂಬಯಿಯಲ್ಲಿ ಮನೆ ಕೈಗೆಟುಕದೆ ವಸಾಯಿ, ನಾಲಾಸೋಪಾರ, ವಿರಾರ್‌ಗಳಲ್ಲಿ ನೆಲೆಯೂರಿದವರು ನಮ್ಮಲ್ಲಿ ಅನೇಕರು. ಆದುದರಿಂದ ಅಲ್ಲಿನ ಹಳ್ಳಿಗಳ ಹಸಿರು ವಲಯವನ್ನು ವಸತಿ ವಲಯವಾಗಿ ಪರಿವರ್ತಿಸುವ ಚರ್ಚೆಯಲ್ಲಿ ನಾವು ಹೊರಗಿನವರಲ್ಲ.

ಬಾಳೆ, ವೀಳ್ಯದೆಲೆ, ಹೂದೋಟಗಳ ಈ ಸೀಮೆಗೆ ಒದಗಲಿರುವ ಅಪಾಯವನ್ನು ಫಾದರ್ ಫ್ರಾನ್ಸಿಸ್ ದಿಬ್ರಿಟೊ ನೇತೃತ್ವದ ‘ಹರಿತ ವಸಾಯಿ’ ಚಳವಳಿಯು 1980ರ ದಶಕದ ಕೊನೆಯಲ್ಲೇ ಸಾರಿತ್ತು. 2009ರಲ್ಲಿ ನಾಲ್ಕು ನಗರ ಪರಿಷತ್ತುಗಳೊಡನೆ 53 ಹಳ್ಳಿಗಳನ್ನೂ ಸೇರಿಸಿ ಮಹಾನಗರಪಾಲಿಕೆ ರಚಿಸಿದಾಗಲೂ ಗ್ರಾಮಸ್ಥರು ಪ್ರತಿಭಟಿಸಿದರು.

ಅವರ ಭೀತಿ ನಿರಾಧಾರವಲ್ಲ. ತೋಟದ ಮಣ್ಣು ಮಳೆನೀರನ್ನು ಇಂಗಿಸಿ ಬಾವಿಗಳನ್ನು ಕಾಯುತ್ತದೆ; ತಗ್ಗಿನ ಗದ್ದೆಗಳು ನೆರೆಯನ್ನು ತಡೆಯುತ್ತವೆ. ಇವು ಮುಚ್ಚಿಹೋದರೆ ನೀರು ಮನೆಬಾಗಿಲಿಗೇ ಬರುತ್ತದೆ. 2018ರ ಜುಲೈಯಲ್ಲಿ ಹಳಿ ಮುಳುಗಿ ರೈಲುಗಳೇ ನಿಂತುದನ್ನು ನಾವು ಮರೆತಿಲ್ಲ.

ಹಾಗೆಂದು ಹೊಸ ಮನೆಗಳೇ ಬೇಡವೆನ್ನಲು, ಈಗಾಗಲೇ ಮನೆ ಪಡೆದ ನಮಗೆ ನೈತಿಕ ಹಕ್ಕಿಲ್ಲ. ಭೂಮಿ ಮಾರಬಯಸುವ ರೈತನ ಕಷ್ಟವೂ ನಿಜವೇ. ನಮ್ಮ ನಿಲುವು ಇಷ್ಟೇ: ನಿಲ್ದಾಣಗಳ ಸಮೀಪದ ಹಳೆಯ ಕಟ್ಟಡಗಳು, ನೀರು ಮತ್ತು ಚರಂಡಿಯ ವ್ಯವಸ್ಥೆಯಾದ ಬಳಿಕ, ಎತ್ತರವಾಗಿ ಪುನರ್ನಿರ್ಮಾಣಗೊಳ್ಳಲಿ, ತೋಟಗಳಲ್ಲಿ ಎಫ್‌ಎಸ್‌ಐ ಏರದಿರಲಿ.

ಯೋಜನೆಯ ಕರಡಿಗೆ ಆಕ್ಷೇಪ ಸಲ್ಲಿಸಲು ಮಹಾರಾಷ್ಟ್ರದ 1966ರ ನಗರ ಯೋಜನಾ ಕಾಯಿದೆ ಅವಕಾಶವಿತ್ತಿದೆ. ಆ ಅರ್ಜಿಗಳಲ್ಲಿ ಗ್ರಾಮಸ್ಥರ ಸಹಿಗಳೊಡನೆ ನಮ್ಮವೂ ಇರಬೇಕು.