ಕಾವಲುಗಾರನಿಲ್ಲದ ಬಾಗಿಲು

ಬಾಗಿಲಿಲ್ಲದ ಮನೆಗೆ ಕಳ್ಳರ ಭಯವಿಲ್ಲ. ಆದರೆ ಅಂಥ ಮನೆಯೊಳಗಿರುವವರು ಅನ್ನನೀರಿಲ್ಲದೆ ಸಾಯಬೇಕಾದೀತು. ಬಾಗಿಲನ್ನು ಸದಾ ತೆರೆದಿಟ್ಟರೆ ಅನ್ನವೂ ಬರುತ್ತದೆ, ಕಳ್ಳನೂ ಬರುತ್ತಾನೆ. ಈ ಇಕ್ಕಟ್ಟು ಮನುಷ್ಯನೊಬ್ಬನದೇ ಅಲ್ಲ. ಒಂದು ಮಿಲಿಮೀಟರಿನ 500ರಲ್ಲಿ ಒಂದು ಪಾಲಿನಷ್ಟು ಉದ್ದವಿರುವ ಬ್ಯಾಕ್ಟೀರಿಯವೂ ಇದೇ ಇಕ್ಕಟ್ಟಿನಲ್ಲಿ ಬಾಳುತ್ತದೆ. ಅದು ಇದನ್ನು ಬಿಡಿಸಿಕೊಂಡಿರುವ ಬಗೆಯನ್ನು ಬಲ್ಲವರು ಆಂಟಿಬಯಾಟಿಕ್ ಮಾತ್ರೆಯನ್ನು ಹಗುರವಾಗಿ ನುಂಗಲಾರರು ಎಂಬುದು ನನ್ನ ಅಭಿಪ್ರಾಯ.

1884ರಲ್ಲಿ ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಬ್ಯಾಕ್ಟೀರಿಯಗಳಿಗೆ ಬಣ್ಣ ಹಾಕುವ ಒಂದು ವಿಧಾನವನ್ನು ಪ್ರಕಟಿಸಿದನು. ಕೆಲವು ಬ್ಯಾಕ್ಟೀರಿಯಗಳು ನೇರಳೆ ಬಣ್ಣವನ್ನು ಹಿಡಿದಿಟ್ಟುಕೊಂಡವು, ಕೆಲವು ಬಿಟ್ಟುಕೊಟ್ಟವು. ಬಿಟ್ಟುಕೊಟ್ಟವುಗಳನ್ನು ಗ್ರಾಮ್-ನೆಗೆಟಿವ್ ಎನ್ನುತ್ತಾರೆ. ಎಲ್ಲ ಜೀವಕೋಶಗಳಿಗೂ ಇರುವ ಪೊರೆಯಲ್ಲದೆ ಇವುಗಳಿಗೆ ಹೊರಗಡೆ ಇನ್ನೊಂದು ಪೊರೆಯಿದೆ. ನಮ್ಮ ಕರುಳಿನಲ್ಲಿ ವಾಸಿಸುವ ಎಷರಿಕಿಯ ಕೋಲಿ ಈ ಗುಂಪಿಗೆ ಸೇರಿದುದು. ಹೊರಪೊರೆಯು ಅನೇಕ ವಿಷಗಳನ್ನು ತಡೆಯುತ್ತದೆ. ಹಾಗಾದರೆ ಸಕ್ಕರೆಯೂ ಲವಣಗಳೂ ಒಳಗೆ ಹೋಗುವುದು ಹೇಗೆ?

ಇದಕ್ಕೆ ಉತ್ತರ ದೊರೆತದ್ದು ಸರಳವೂ ಸುಂದರವೂ ಆದ ಒಂದು ಪ್ರಯೋಗದಿಂದ. ಕೊಬ್ಬಿನ ಅಣುಗಳಿಂದ ಪುಟ್ಟ ಗುಳ್ಳೆಗಳನ್ನು ಮಾಡಿ, ಅವುಗಳ ಗೋಡೆಯಲ್ಲಿ ಬ್ಯಾಕ್ಟೀರಿಯದ ಹೊರಪೊರೆಯ ಪ್ರೋಟೀನನ್ನು ಕೂರಿಸಿದರು. ಗುಳ್ಳೆಯೊಳಗಿದ್ದ ಸಣ್ಣ ಸಕ್ಕರೆಯ ಅಣುಗಳು ಹೊರಗೆ ಸೋರಿಹೋದವು. ದೊಡ್ಡವು ಒಳಗೇ ಉಳಿದವು. 1976ರಲ್ಲಿ ಜಪಾನಿನ ವಿಜ್ಞಾನಿ ತೈಜಿ ನಕಾಯೆ ಈ ರಂಧ್ರ ಪ್ರೋಟೀನಿಗೆ ‘ಪೋರಿನ್’ ಎಂದು ಹೆಸರಿಟ್ಟರು.

ಹಾಗಾದರೆ ಪೋರಿನ್ ಎಂಬುದು ಬರಿಯ ಜರಡಿಯೆ? ಅಲ್ಲ. 1992ರಲ್ಲಿ ಎಕ್ಸ್-ಕಿರಣಗಳ ನೆರವಿನಿಂದ ಎಷರಿಕಿಯ ಕೋಲಿಯ ಪೋರಿನ್ನಿನ ರಚನೆ ತಿಳಿದುಬಂದಿತು. ಹದಿನಾರು ಪಟ್ಟಿಗಳನ್ನು ಓರೆಯಾಗಿ ಜೋಡಿಸಿ ಕಟ್ಟಿದ ಪೀಪಾಯಿಯಂತೆ ಅದು ಇದೆ. ಅಂಥ ಮೂರು ಪೀಪಾಯಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಪ್ರತಿಯೊಂದರಲ್ಲಿಯೂ ಪ್ರೋಟೀನಿನ ಒಂದು ಕುಣಿಕೆ ಒಳಕ್ಕೆ ಬಾಗಿ ನಡುದಾರಿಯನ್ನು ಇಕ್ಕಟ್ಟುಗೊಳಿಸುತ್ತದೆ. ಹೈಡ್ರೊಜನ್ ಪರಮಾಣುವಿನ ತೂಕ 1 ಎಂದು ಇಟ್ಟುಕೊಂಡರೆ, ಸುಮಾರು 600ಕ್ಕಿಂತ ಹೆಚ್ಚು ತೂಕದ ಅಣುಗಳು ಅಲ್ಲಿ ನುಸುಳಲಾರವು. ಗ್ಲೂಕೋಸಿನ ತೂಕ 180. ಅದು ನಿರಾಯಾಸವಾಗಿ ಹೋಗುತ್ತದೆ. ವ್ಯಾಂಕೊಮೈಸಿನ್ ಎಂಬ ಔಷಧಿಯದು ಸುಮಾರು 1450. ಅದು ಹೊರಗೇ ಉಳಿಯುತ್ತದೆ. ಇಷ್ಟು ಜರಡಿಯ ಕೆಲಸ. ಆದರೆ ಇಕ್ಕಟ್ಟಾದ ಆ ಜಾಗದಲ್ಲಿ ಒಂದು ಬದಿಗೆ ಧನ ವಿದ್ಯುದಂಶವೂ ಎದುರು ಬದಿಗೆ ಋಣ ವಿದ್ಯುದಂಶವೂ ಇವೆ. ಅವುಗಳ ನಡುವೆ ನೀರಿನ ಅಣುಗಳು ಶಿಸ್ತಾಗಿ ಸಾಲುಗಟ್ಟುತ್ತವೆ. ನೀರಿನೊಡನೆ ಹೊಂದಿಕೊಳ್ಳುವ ಅಣುವಿಗೆ ದಾರಿ ಸುಗಮ. ಎಣ್ಣೆಯ ಗುಣದ ಅಣು ಚಿಕ್ಕದಾಗಿದ್ದರೂ ಆ ಸಾಲನ್ನು ಕದಡಿ ನುಗ್ಗುವುದು ಕಷ್ಟ.

ಪುಸ್ತಕಗಳಲ್ಲಿ ಪೋರಿನ್ ಅಣುಗಳನ್ನು ‘ಆರಿಸುತ್ತದೆ’ ಎಂದು ಬರೆಯುವುದುಂಟು. ನನಗೆ ಈ ಮಾತು ಅಷ್ಟಾಗಿ ಒಪ್ಪಿಗೆಯಿಲ್ಲ. ಆರಿಸುವವರಿಗೆ ಇಷ್ಟಾನಿಷ್ಟಗಳಿರಬೇಕು. ಇಲ್ಲಿರುವುದು ಆಕಾರ ಮತ್ತು ವಿದ್ಯುದಂಶ ಮಾತ್ರ. ಕಾವಲುಗಾರನಿಲ್ಲ; ಬಾಗಿಲಿನ ರೂಪವೇ ಕಾವಲು. ಕರುಳಿನಂತೆ ಲವಣ ಹೆಚ್ಚಾಗಿರುವ ಕಡೆ ಬ್ಯಾಕ್ಟೀರಿಯವು ಕಿರಿದಾದ ಪೋರಿನ್ನುಗಳನ್ನು ಹೆಚ್ಚಾಗಿಯೂ, ಆಹಾರ ವಿರಳವಾದ ತಿಳಿನೀರಿನಲ್ಲಿ ತುಸು ಅಗಲವಾದವುಗಳನ್ನು ಹೆಚ್ಚಾಗಿಯೂ ತಯಾರಿಸುತ್ತದೆ. ಕರುಳಿನಲ್ಲಿ ಪಿತ್ತರಸದ ಕಾಟವನ್ನು ತಡೆಯಲು ಇದು ನೆರವಾಗುತ್ತದೆ. ಇಲ್ಲಿಯೂ ಆಲೋಚನೆಯಿಲ್ಲ, ಸುತ್ತಲಿನ ಲವಣ ಬದಲಾದಾಗ ಒಂದು ಪ್ರೋಟೀನಿನಿಂದ ಮತ್ತೊಂದಕ್ಕೆ ಸುದ್ದಿ ಮುಟ್ಟುತ್ತದೆ, ಅಷ್ಟೆ.

ಯೋಚಿಸಲಾರದ ಬಾಗಿಲಿಗೆ ಅನ್ನ ಯಾವುದು, ವಿಷ ಯಾವುದು ಎಂಬುದು ತಿಳಿಯದು. ವೈದ್ಯವಿಜ್ಞಾನ ಇದರ ಪ್ರಯೋಜನ ಪಡೆದಿದೆ. 1961ರಲ್ಲಿ ಬಳಕೆಗೆ ಬಂದ ಆಂಪಿಸಿಲಿನ್ ಪೆನಿಸಿಲಿನ್ನಿನ ತಮ್ಮನೇ ಸರಿ; ಅದರಲ್ಲಿ ಸೇರಿಸಿದ ಒಂದು ಅಮೈನೊ ಗುಂಪಿನಿಂದಾಗಿ ಅದು ಪೋರಿನ್ನುಗಳ ಮೂಲಕ ಹೆಚ್ಚು ಸುಲಭವಾಗಿ ಒಳಸೇರುತ್ತದೆ. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯ ಸುಟ್ಟಗಾಯದ ರೋಗಿಗಳನ್ನು ಬಹಳವಾಗಿ ಕಾಡುತ್ತದೆ. ಇಮಿಪೆನೆಮ್ ಎಂಬ ಔಷಧಿಯು ಅದರೊಳಕ್ಕೆ ಹೋಗುವುದು ಕೆಲವು ಅಮೈನೊ ಆಮ್ಲಗಳಿಗೆಂದೇ ಇರುವ ಬಾಗಿಲಿನ ಮೂಲಕ. ಆದರೆ ಕೋಟಿಗಟ್ಟಲೆ ಬ್ಯಾಕ್ಟೀರಿಯಗಳಲ್ಲಿ ಎಲ್ಲೋ ಒಂದು, ಆಕಸ್ಮಿಕವಾಗಿ, ಆ ಬಾಗಿಲಿಲ್ಲದೆಯೇ ಹುಟ್ಟುತ್ತದೆ. ಔಷಧಿ ಬಿದ್ದಾಗ ಉಳಿದವೆಲ್ಲ ಸತ್ತು ಅದೊಂದು ಬದುಕುತ್ತದೆ. ಅದರ ಸಂತತಿ ಬೆಳೆಯುತ್ತದೆ. ‘ಔಷಧಿಯ ಶಕ್ತಿ ಕುಂದಿತು’ ಎಂದು ಜನ ಹೇಳುತ್ತಾರೆ. ಔಷಧಿ ಹಿಂದಿನಂತೆಯೇ ಇದೆ, ಬಾಗಿಲು ಇಲ್ಲವಾಗಿದೆ.

ನೆಗಡಿಯನ್ನು ತರುವುದು ವೈರಸ್. ಆಂಟಿಬಯಾಟಿಕ್ ಅದಕ್ಕೆ ತಾಗುವುದೇ ಇಲ್ಲ. ಆದರೂ ನೆಗಡಿಗೆಂದು ಮಾತ್ರೆ ನುಂಗಿದಾಗ, ಕರುಳಿನಲ್ಲಿ ತಮ್ಮ ಪಾಡಿಗೆ ತಾವಿದ್ದ ಬ್ಯಾಕ್ಟೀರಿಯಗಳಲ್ಲಿ ಬಾಗಿಲು ತೆರೆದವು ಸಾಯುತ್ತವೆ, ಬಾಗಿಲು ಕಡಿಮೆಯಿರುವವು ಉಳಿಯುತ್ತವೆ. ಇಂಥ ಬಳಕೆಯನ್ನು ನಾನು ಬರಿಯ ದುಂದುವೆಚ್ಚವೆಂದು ಭಾವಿಸುವುದಿಲ್ಲ. ನಾಳೆ ನಿಜವಾಗಿ ಔಷಧಿ ಬೇಕಾಗುವ ರೋಗಿಯೊಬ್ಬನಿಗೆ ಮಾಡುವ ಅನ್ಯಾಯವೆಂದೇ ಭಾವಿಸುತ್ತೇನೆ. ಏಕೆಂದರೆ ಬಾಗಿಲು ಕಳೆದುಕೊಂಡ ಬ್ಯಾಕ್ಟೀರಿಯ ಸುಖವಾಗೇನೂ ಇರುವುದಿಲ್ಲ. ಅದಕ್ಕೆ ಅನ್ನವೂ ಕಡಿಮೆ. ಔಷಧಿಯಿಲ್ಲದ ಕಡೆ ಅದು ಅನೇಕ ವೇಳೆ ನಿಧಾನವಾಗಿ ಬೆಳೆದು, ಬಾಗಿಲು ತೆರೆದ ನೆರೆಯವುಗಳಿಗಿಂತ ಹಿಂದೆ ಬೀಳುತ್ತದೆ. ನೆರೆಯವುಗಳನ್ನು ಕೊಂದು ಅದಕ್ಕೆ ಜಾಗ ಮಾಡಿಕೊಡುವವರು ನಾವೇ.

ವಿಜ್ಞಾನಿಗಳಂತೂ ಬಾಗಿಲಿಗೆ ತಕ್ಕಂತೆ ಔಷಧಿಯನ್ನು ರೂಪಿಸುವ ಪ್ರಯತ್ನದಲ್ಲಿದ್ದಾರೆ. 2017ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ತಂಡವೊಂದು ಎಷರಿಕಿಯ ಕೋಲಿಯೊಳಕ್ಕೆ ಹೋಗಲಾರದ ಒಂದು ಅಣುವಿಗೆ ಅಮೈನೊ ಗುಂಪನ್ನು ಜೋಡಿಸಿತು. ಚಪ್ಪಟೆಯೂ ಬಿಗಿಯೂ ಆದ ಆ ಅಣು ಈ ಸಲ ಒಳಕ್ಕೆ ಹೋಯಿತು.